ಬೇರೆ ತಟ್ಟೆ, ಬೇರೆ ಲೋಟ: ಮದ್ರಾಸಿನ ಕ್ಷಯರೋಗ ಅಧ್ಯಯನ ಹೇಳಿದ್ದೇನು?

ಹಿರಿಯರಿರುವ ಯಾವ ಮನೆಯಲ್ಲಿ ಕೇಳಿದರೂ ಕ್ಷಯ ತಗಲಿ ತೀರಿಹೋದ ಒಬ್ಬರ ಕಥೆ ಸಿಗುತ್ತದೆ. ಆ ಕಥೆ ಹೇಳುವಾಗ ರೋಗದ ಹೆಸರು ಬಂದರೆ ಧ್ವನಿ ತಗ್ಗುತ್ತದೆ. 'ಎದೆಯ ಕಾಯಿಲೆ' ಎನ್ನುತ್ತಾರೆ, 'ಆ ಕೆಮ್ಮು' ಎನ್ನುತ್ತಾರೆ. ಹಿತ್ತಿಲ ಕಡೆಯ ಕೋಣೆ, ಬೇರೆ ತಟ್ಟೆ, ಬೇರೆ ಲೋಟ, ಮಕ್ಕಳು ಹತ್ತಿರ ಸುಳಿಯಬಾರದೆಂಬ ಕಟ್ಟಪ್ಪಣೆ. ರೋಗಿ ಮನೆಯ ಸೊಸೆಯಾಗಿದ್ದರೆ ಆಕೆಯನ್ನು ತವರಿಗೆ ಕಳುಹಿಸಿಬಿಡುತ್ತಿದ್ದರು. ಎಷ್ಟೋ ಮಂದಿ ಮರಳಿ ಬರಲಿಲ್ಲ.

ಹಾಗೆ ಮಾಡಿದವರೆಲ್ಲ ಕಲ್ಲೆದೆಯವರೇನಲ್ಲ. ಅಂದಿನ ವೈದ್ಯರ ಮಾತೂ ಅದೇ ಆಗಿತ್ತು. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ತೋರಿಸಿದರು. ಕಾರಣ ತಿಳಿಯಿತು, ಆದರೆ ಔಷಧಿ ಬರಲು ಅರವತ್ತು ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿ ಇದ್ದದ್ದು ಶುದ್ಧ ಗಾಳಿ, ಹಾಲು, ಮೊಟ್ಟೆ ಮತ್ತು ಹಾಸಿಗೆಯ ಮೇಲಿನ ದೀರ್ಘ ವಿಶ್ರಾಂತಿ. ಇವೆಲ್ಲ ಒಂದೇ ಕಡೆ ಸಿಗುವ ಜಾಗಕ್ಕೆ ಸ್ಯಾನಟೋರಿಯಂ ಎಂದು ಹೆಸರು. ಮದನಪಲ್ಲಿಯ ಬಳಿ ಆರೋಗ್ಯವರಂ ಅಂಥದ್ದು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಎದ್ದ ಸ್ಯಾನಟೋರಿಯಂ ಕೂಡ ಅಂಥದ್ದೇ. ಆಕೆಯನ್ನು ಬಲಿ ತೆಗೆದುಕೊಂಡದ್ದೂ ಕ್ಷಯವೇ. ಹಾಲು, ಮೊಟ್ಟೆ, ವಿಶ್ರಾಂತಿಗಳಿಗೆ ಕೊರತೆಯಿಲ್ಲದ ಅರಮನೆಯ ಪಾಡೇ ಹೀಗಿದ್ದಾಗ, ಬೀಡಿ ಕಟ್ಟಿ, ಮಗ್ಗದ ಮುಂದೆ ಕುಳಿತು ದಿನ ತಳ್ಳುವವರ ಪಾಡು ಹೇಗಿದ್ದಿರಬೇಕು!

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಕ್ಷಯರೋಗಿಗಳು ಲಕ್ಷಗಳ ಲೆಕ್ಕದಲ್ಲಿದ್ದರು. ಅವರಿಗಾಗಿ ಇದ್ದ ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಸಂಗತಿಯನ್ನು ಬಯಲಿಗೆ ತಂದಿತು. ಕ್ಷಯ ಪಟ್ಟಣದ ಕೊಳೆಗೇರಿಗಳ ರೋಗ ಎಂದು ಎಲ್ಲರೂ ನಂಬಿದ್ದರು. ಹಳ್ಳಿಗಳಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಸಿಗೆ ಸಿಗದ ಈ ಜನರ ಗತಿಯೇನು?

ಅಷ್ಟರಲ್ಲಿ ಔಷಧಿಗಳು ಬಂದಿದ್ದವು. 1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. ಯುದ್ಧ ಮುಗಿದ ಬ್ರಿಟನ್ನಿನ ಬಳಿ ಅದನ್ನು ಎಲ್ಲರಿಗೂ ಕೊಡುವಷ್ಟು ದುಡ್ಡಿರಲಿಲ್ಲ. ಇದ್ದ ಸ್ವಲ್ಪ ಔಷಧಿಯನ್ನು ಯಾರಿಗೆ ಕೊಡುವುದು? ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡುವ ಕ್ರಮ ರೂಪಿಸಿದರು. 107 ರೋಗಿಗಳಲ್ಲಿ 55 ಮಂದಿಗೆ ಔಷಧಿ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. 1948ರಲ್ಲಿ ಈ ವರದಿ ಪ್ರಕಟವಾದಾಗ ಔಷಧಿಯ ಬಲ ಜಗತ್ತಿಗೆ ತಿಳಿಯಿತು, ಅದರ ದೌರ್ಬಲ್ಯವೂ ತಿಳಿಯಿತು. ಒಂದೇ ಔಷಧಿ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಂಡು ಬಗ್ಗದಾಗುತ್ತದೆ. ಹಾಗಾಗಿ ಎರಡು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂತು. 1952ರಲ್ಲಿ ಅಗ್ಗದ ಐಸೋನಿಯಾಜಿಡ್ ಮಾತ್ರೆಯೂ ಕೈಗೆ ಬಂತು.

ಗುಂಪು ಮಾಡಿ ಹೋಲಿಸುವ ಮಾತು ಬಂದಾಗ ನಮಗೆ ಅರ್‌ರಾಝಿ ನೆನಪಾಗುವುದು ಸಹಜ. ಜುಮಾ ಖುತ್ಬಾಗಳಲ್ಲಿ ಅವರ ಹೆಸರನ್ನು ಅಭಿಮಾನದಿಂದ ಕೇಳಿದ್ದೇವೆ. ರೇ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದ ಈ ವೈದ್ಯರು ಸಾವಿರ ವರ್ಷಗಳಿಗೂ ಹಿಂದೆ ಮಿದುಳಿನ ಉರಿಯೂತದ ಲಕ್ಷಣ ಕಂಡ ರೋಗಿಗಳಲ್ಲಿ ಕೆಲವರಿಗೆ ರಕ್ತ ತೆಗೆಸಿದರು, ಇನ್ನು ಕೆಲವರಿಗೆ ಬೇಕೆಂದೇ ತೆಗೆಸಲಿಲ್ಲ. ಹೋಲಿಸಿ ನೋಡುವುದೇ ಅವರ ಉದ್ದೇಶ. ಅವರ ಟಿಪ್ಪಣಿಗಳನ್ನು ಶಿಷ್ಯರು ಸೇರಿಸಿದ 'ಅಲ್ ಹಾವೀ' ಗ್ರಂಥದಲ್ಲಿ ಈ ವಿವರವಿದೆ. ಆದರೆ ಇಂದಿನ ವೈದ್ಯಕೀಯ ಪ್ರಯೋಗವೆಲ್ಲ ಅಲ್ಲಿಂದಲೇ ಬಂತು ಎಂದು ಹೇಳಲು ನಾವು ಹೋಗುವುದಿಲ್ಲ. ಯಾರ ರಕ್ತ ತೆಗೆಯಬೇಕೆಂದು ಆರಿಸಿದವರು ಅರ್‌ರಾಝಿಯವರೇ. ಹಿಲ್ ಅವರ ಕ್ರಮದಲ್ಲಿ ಆ ಆಯ್ಕೆ ವೈದ್ಯನ ಕೈಯಲ್ಲೇ ಇರಲಿಲ್ಲ. ರಕ್ತ ತೆಗೆಯುವುದು ಒಳ್ಳೆಯದೆಂದು ಅರ್‌ರಾಝಿ ತೀರ್ಮಾನಿಸಿದ್ದರು, ಅದೂ ನಿಲ್ಲಲಿಲ್ಲ. ಆದರೂ ತಾನು ನಂಬಿದ ಚಿಕಿತ್ಸೆಯನ್ನೇ ಪರೀಕ್ಷೆಗೆ ಒಡ್ಡಬೇಕೆಂದು ಅವರಿಗೆ ಹೊಳೆದದ್ದು ದೊಡ್ಡದು.

1956ರಲ್ಲಿ ಮದ್ರಾಸಿನಲ್ಲಿ ಪರೀಕ್ಷೆಗೆ ಒಡ್ಡಿದ್ದು ಅಂಥದ್ದೇ ಒಂದು ನಂಬಿಕೆಯನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಅಲ್ಲಿ ಒಂದು ಕ್ಷಯ ಚಿಕಿತ್ಸಾ ಕೇಂದ್ರ ತೆರೆದವು. ಮೊದಲ ವರ್ಷಗಳಲ್ಲಿ ಅದನ್ನು ನಡೆಸಿದವರು ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್. ಅವರ ಮುಂದಿದ್ದ ಪ್ರಶ್ನೆ ನೇರವಾದದ್ದು. ಔಷಧಿ ಬಂದ ಮೇಲೂ ರೋಗಿಯನ್ನು ಮನೆಯಿಂದ ದೂರ ಮಲಗಿಸಬೇಕೇ? ಅಥವಾ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ವಾಸಿಯಾಗುತ್ತದೆಯೇ?

ಕಫದಲ್ಲಿ ರೋಗಾಣು ಕಂಡ, ಮದ್ರಾಸಿನ 193 ಬಡ ರೋಗಿಗಳನ್ನು ಚೀಟಿ ಎತ್ತಿದಂತೆಯೇ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ತಮ್ಮ ಮನೆಗಳಿಗೆ. ಇಬ್ಬರಿಗೂ ಒಂದೇ ಔಷಧಿ, ಒಂದು ವರ್ಷ: ಐಸೋನಿಯಾಜಿಡ್ ಜೊತೆಗೆ ಪಿಎಎಸ್. ಈ ಪಿಎಎಸ್ ಎಂಬುದನ್ನು ದಿನಕ್ಕೆ ಹಲವು ಗ್ರಾಂ ನುಂಗಬೇಕಿತ್ತು. ಹೊಟ್ಟೆ ತೊಳಸುವ ಔಷಧಿ. ಮನೆಯವರು ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಔಷಧಿ ಒಯ್ಯುತ್ತಿದ್ದರು.

ಎರಡೂ ಕಡೆಯ ಬದುಕನ್ನು ಕಣ್ಣಮುಂದೆ ತಂದುಕೊಳ್ಳಿ. ಸ್ಯಾನಟೋರಿಯಂನಲ್ಲಿ ಹೊತ್ತುಹೊತ್ತಿಗೆ ಪುಷ್ಟಿಯಾದ ಊಟ, ಗಾಳಿ ಬೆಳಕು, ದಿನವಿಡೀ ವಿಶ್ರಾಂತಿ, ನೋಡಿಕೊಳ್ಳಲು ದಾದಿಯರು. ಮನೆಯ ರೋಗಿಗೆ ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಸಾರು ಅನ್ನ, ಸ್ವಲ್ಪ ಚೇತರಿಸಿಕೊಂಡ ಕೂಡಲೇ ಮತ್ತೆ ಕೂಲಿ, ಹೆಂಗಸಾದರೆ ಒಲೆ, ನೀರು, ಮಗು. ಇವರಿಬ್ಬರಲ್ಲಿ ಯಾರು ಗೆಲ್ಲುತ್ತಾರೆಂದು ಯಾರನ್ನು ಕೇಳಿದರೂ ಉತ್ತರ ಒಂದೇ ಇರುತ್ತಿತ್ತು.

ವರದಿ 1959ರಲ್ಲಿ ಹೊರಬಂತು. ಒಂದು ವರ್ಷದ ಕೊನೆಗೆ ಸ್ಯಾನಟೋರಿಯಂ ಗುಂಪಿನಲ್ಲಿ ಶೇ. 92 ಮಂದಿಯ ರೋಗ ಅಡಗಿತ್ತು, ಮನೆಯ ಗುಂಪಿನಲ್ಲಿ ಶೇ. 86. ಅಷ್ಟು ಚಿಕ್ಕ ಅಂತರ! ಸ್ಯಾನಟೋರಿಯಂನವರ ಮೈತೂಕ ಮನೆಯವರಿಗಿಂತ ಬಹಳ ಹೆಚ್ಚು ಏರಿತ್ತು, ನಿಜ. ಆದರೆ ಶ್ವಾಸಕೋಶದ ರೋಗಾಣುಗಳನ್ನು ಕೊಂದದ್ದು ಔಷಧಿ, ಹಾಸಿಗೆಯಲ್ಲ. ಐದು ವರ್ಷ ಬೆನ್ನುಹತ್ತಿ ನೋಡಿದಾಗ ಎರಡೂ ಗುಂಪುಗಳು ಸರಿಸಮವಾಗಿ ನಿಂತವು. ಇನ್ನೊಂದು ಮಾತು. ವೈದ್ಯರ ಸಲಹೆ ಮೀರಿ ಅರ್ಧಕ್ಕೇ ಸ್ಯಾನಟೋರಿಯಂ ಬಿಟ್ಟು ಹೋದವರೂ ಇದ್ದರು. ಹೆಂಡತಿ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಮಲಗಿರುವುದು ಯಾರಿಗೆ ಸುಲಭ?

ನಮ್ಮ ಓದುಗರು ಈಗ ಕೇಳುವ ಪ್ರಶ್ನೆ ನಮಗೆ ಗೊತ್ತು. 'ರೋಗಿ ವಾಸಿಯಾದ, ಸರಿ. ಆ ಒಂದು ಕೋಣೆಯಲ್ಲಿ ಜೊತೆಗೆ ಮಲಗಿದ ಮಕ್ಕಳ ಕಥೆಯೇನು?' ಫಾಕ್ಸ್ ಮತ್ತು ಅವರ ಸಂಗಡಿಗರು ಇದನ್ನು ಬಿಟ್ಟಿರಲಿಲ್ಲ. ಎರಡೂ ಗುಂಪುಗಳ ರೋಗಿಗಳ ಮನೆಮಂದಿಯನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ರೋಗಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ, ಸ್ಯಾನಟೋರಿಯಂಗೆ ಕಳುಹಿಸಿದವರಿಗಿಂತ ಹೆಚ್ಚಾಗಿ ಕ್ಷಯ ಬರಲಿಲ್ಲ. ಮನೆಯವರಲ್ಲಿ ಕಾಣಿಸಿಕೊಂಡ ರೋಗದಲ್ಲಿ ಬಹುಪಾಲು ಅಧ್ಯಯನದ ಆರಂಭದಲ್ಲೇ ಇತ್ತು, ಇಲ್ಲವೇ ಮೊದಲ ವರ್ಷದಲ್ಲೇ ತೋರಿತು. ಅಂದರೆ ಸೋಂಕು ದಾಟಿದ್ದು ಮುಖ್ಯವಾಗಿ ಚಿಕಿತ್ಸೆ ಆರಂಭವಾಗುವ ಮೊದಲು, ರೋಗಿ 'ಬರೀ ಕೆಮ್ಮು' ಎಂದು ಓಡಾಡಿಕೊಂಡಿದ್ದ ದಿನಗಳಲ್ಲಿ. ಮಾತ್ರೆ ನುಂಗಲು ತೊಡಗಿದ ಮೇಲೆ ಕಫದಲ್ಲಿನ ರೋಗಾಣುಗಳು ಬೇಗನೆ ಇಳಿಯುತ್ತ ಹೋಗುತ್ತವೆ.

ಬೇರೆ ತಟ್ಟೆಯ ವಿಷಯಕ್ಕೆ ಬರೋಣ. ಕ್ಷಯ ಹರಡುವುದು ಗಾಳಿಯ ಮೂಲಕ. ಕೆಮ್ಮಿದಾಗ, ಸೀನಿದಾಗ, ಮಾತನಾಡುವಾಗ ಹೊರಬೀಳುವ ಸಣ್ಣ ಹನಿಗಳನ್ನು ಇನ್ನೊಬ್ಬರು ಉಸಿರಿನೊಂದಿಗೆ ಒಳಗೆಳೆದುಕೊಂಡಾಗ ಸೋಂಕು ದಾಟುತ್ತದೆ. ತಟ್ಟೆ, ಲೋಟ, ಬಟ್ಟೆಗಳಿಂದಲ್ಲ. ನಾವು ಒಂದೇ ತಬಕಿನ ಸುತ್ತ ಕೂತು ಉಣ್ಣುವವರು. ಆ ಸುತ್ತಿನಿಂದ ಒಬ್ಬರನ್ನು ಎಬ್ಬಿಸಿ ಹಿತ್ತಿಲಿಗೆ ಕಳುಹಿಸಿದ್ದು ಆ ರೋಗಿಗೆ ರೋಗಕ್ಕಿಂತ ಕಡಿಮೆ ನೋವು ಕೊಟ್ಟಿರಲಿಕ್ಕಿಲ್ಲ. ಕಿಟಕಿ ತೆರೆದಿಟ್ಟು, ಮೊದಲ ವಾರಗಳಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೇಗ ಮಾತ್ರೆ ಶುರು ಮಾಡಿದ್ದರೆ ಮನೆಮಂದಿಗೆ ಅದಕ್ಕಿಂತ ಹೆಚ್ಚಿನ ರಕ್ಷಣೆ ಸಿಗುತ್ತಿತ್ತು.

ಮದ್ರಾಸಿನ ಫಲಿತಾಂಶ ಬಂದ ವರ್ಷವೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಹಾಸಿಗೆ ಬೇಡವಾದರೆ ಔಷಧಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸುವುದು ಹೇಗೆ ಎಂಬುದು ಅದರ ಕೆಲಸ. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಧಿಕಾರಿಗಳ ದೂರಾಗಿತ್ತು. ತುಮಕೂರಿನ ರೋಗಿಗಳಲ್ಲಿ ಬಹುತೇಕರಿಗೆ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ! ಕಫ ಪರೀಕ್ಷೆ ಯಾರೂ ಮಾಡಿರಲಿಲ್ಲ. ತಪ್ಪು ಯಾರದು ಎಂಬ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು. ದುಬಾರಿ ಎಕ್ಸ್‌ರೇ ಯಂತ್ರಕ್ಕೆ ಕಾಯದೆ, ಸಾಮಾನ್ಯ ಆಸ್ಪತ್ರೆಗಳಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಕಫ ನೋಡುವ ಪದ್ಧತಿ ದೇಶದ ಕ್ಷಯ ಕಾರ್ಯಕ್ರಮಕ್ಕೆ ಬಂದದ್ದು ಈ ಬೆಂಗಳೂರಿನ ಕೆಲಸದಿಂದ.

ಮನೆಯ ಚಿಕಿತ್ಸೆಗೆ ಒಂದು ತೊಡಕು ಇದ್ದೇ ಇತ್ತು. ಜ್ವರ ಇಳಿದು, ಹಸಿವು ಹೆಚ್ಚಿದ ಕೂಡಲೇ ಜನ ಮಾತ್ರೆ ಬಿಡುತ್ತಿದ್ದರು. ಮದ್ರಾಸಿನವರು ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸಿದರು, ಮೂತ್ರ ಪರೀಕ್ಷೆ ಮಾಡಿ ಔಷಧಿ ಹೊಟ್ಟೆಗೆ ಹೋಗಿದೆಯೇ ಎಂದು ನೋಡಿದರು. ಆಮೇಲೆ ವಾರಕ್ಕೆರಡು ಬಾರಿ ಕಣ್ಣೆದುರೇ ಔಷಧಿ ಕೊಡುವ ಕ್ರಮವನ್ನೂ ಪ್ರಯೋಗ ಮಾಡಿ ಗೆದ್ದರು. ಮುಂದೆ ಜಗತ್ತೆಲ್ಲ 'ಡಾಟ್ಸ್' ಎಂದು ಕರೆದ ಪದ್ಧತಿಯ ಬೇರುಗಳಲ್ಲಿ ಇದೂ ಒಂದು. ರಿಫಾಂಪಿಸಿನ್ ಬಂದ ಮೇಲೆ ಒಂದು ವರ್ಷ, ಒಂದೂವರೆ ವರ್ಷಗಳ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. ಆ ಆರು ತಿಂಗಳ ನಡುವೆ ರಮಝಾನ್ ಬಂದರೆ ಮಾತ್ರೆಯ ಹೊತ್ತನ್ನು ತಾವೇ ಬದಲಿಸಿಕೊಳ್ಳದೆ ವೈದ್ಯರನ್ನು ಕೇಳಿ. ರೋಗಿಗೆ ಉಪವಾಸದಲ್ಲಿ ವಿನಾಯಿತಿ ಇದೆ ಎಂಬುದನ್ನು ನಮ್ಮ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ.

ಮದ್ರಾಸ್ ಅಧ್ಯಯನದ ಒಂದು ಮಾತನ್ನು ಮಾತ್ರ ಮುಂದಿನವರು ತಪ್ಪಾಗಿ ಹಿಡಿದರು ಎಂದು ನಮಗನಿಸುತ್ತದೆ. ಬಡ ಊಟದಲ್ಲೂ ಔಷಧಿ ಕೆಲಸ ಮಾಡುತ್ತದೆ ಎಂದದ್ದನ್ನು, ಊಟದ ಚಿಂತೆಯೇ ಬೇಡ ಎಂದು ಓದಿಕೊಂಡರು. ಕ್ಷಯ ಕಾರ್ಯಕ್ರಮದಲ್ಲಿ ಹಲವು ದಶಕ ಮಾತ್ರೆಗೆ ಸಿಕ್ಕ ಗಮನ ತಟ್ಟೆಗೆ ಸಿಗಲಿಲ್ಲ. ಹಸಿದ ಮೈಗೆ ಕ್ಷಯ ಸುಲಭವಾಗಿ ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಮನೆಮಂದಿಗೆ ಊಟ ಕೊಟ್ಟರೆ ಎಷ್ಟು ತಡೆಯಬಹುದು ಎಂದು ದೊಡ್ಡದಾಗಿ ಪರೀಕ್ಷಿಸಿದವರಿರಲಿಲ್ಲ.

ಅದನ್ನು ಮಾಡಿದ್ದು ನಮ್ಮ ಮಂಗಳೂರಿನ ವೈದ್ಯರ ತಂಡ. ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಮದ್ರಾಸಿನ ಆ ಹಳೆಯ ಕೇಂದ್ರದ ಇಂದಿನ ರೂಪವಾದ ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯ ಜೊತೆಗೂಡಿ, 2019ರಿಂದ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಗಳನ್ನು ಆರಿಸಿಕೊಂಡರು. ಎಲ್ಲ ರೋಗಿಗಳಿಗೂ ಪ್ರತಿ ತಿಂಗಳು ರೇಷನ್. ಚೀಟಿ ಎತ್ತಿದಂತೆ ಆರಿಸಿದ ಅರ್ಧದಷ್ಟು ಪ್ರದೇಶಗಳಲ್ಲಿ ಮನೆಯ ಉಳಿದವರಿಗೂ ಅಕ್ಕಿ, ಬೇಳೆ. 2023ರಲ್ಲಿ ಫಲಿತಾಂಶ ಬಂತು. ಮನೆಮಂದಿಗೂ ರೇಷನ್ ಸಿಕ್ಕ ಕಡೆ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ರೋಗಿಗಳಲ್ಲೂ, ಮೊದಲ ಎರಡು ತಿಂಗಳಲ್ಲಿ ಮೈತೂಕ ಶೇ. 5 ಏರಿದವರಲ್ಲಿ ಸಾವಿನ ಅಪಾಯ ಬಹಳ ಕಡಿಮೆ ಕಂಡಿತು.

ಸರಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ. ಕಫ ಪರೀಕ್ಷೆಯೂ ಮಾತ್ರೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಾಗಿದ್ದೂ ನಮ್ಮ ಮೊಹಲ್ಲಾಗಳಲ್ಲಿ ಎರಡು ವಾರ ದಾಟಿದ ಕೆಮ್ಮನ್ನು ಮುಚ್ಚಿಡುವ ಮನೆಗಳಿವೆ. ಹುಡುಗಿಗೆ ನಿಕಾಹ್ ನಿಶ್ಚಯವಾಗಿದೆ, ಈಗ ಗೊತ್ತಾಗುವುದು ಬೇಡ ಎಂದು. ಮದ್ರಾಸಿನವರು ಬರೆದಿಟ್ಟಂತೆ, ಮನೆಯ ಪುಟ್ಟ ಮಕ್ಕಳಿಗೆ ಸೋಂಕು ದಾಟುವುದು ಸರಿಯಾಗಿ ಆ ವಾರಗಳಲ್ಲೇ.