ಕೊಪ್ಪಳ ಕೋಟೆಯೊಳಗಿದ್ದವರು ಯಾರ ಪ್ರಜೆಗಳು?

ಇಂಪೀರಿಯಲ್ ಗ್ಯಾಝೆಟಿಯರಿನಲ್ಲಿ ಕೊಪ್ಪಳಕ್ಕೆ ಸಿಕ್ಕಿರುವ ಜಾಗ ಚಿಕ್ಕದು. ಟಿಪ್ಪು ಫ್ರೆಂಚ್ ಎಂಜಿನಿಯರುಗಳಿಂದ ಕೆಳಕೋಟೆಯನ್ನು ಬಲಪಡಿಸಿದ್ದು, 1790ರಲ್ಲಿ ಇಂಗ್ಲಿಷರ ಮತ್ತು ನಿಜಾಮನ ಪಡೆಗಳು ಸೇರಿ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕಾದದ್ದು ಅಲ್ಲಿವೆ. ಆಮೇಲೆ ಒಂದೇ ವಾಕ್ಯದಲ್ಲಿ, 1857ರ ದಂಗೆಯ ಕಾಲಕ್ಕೆ ಭೀಮರಾವ್ ಎಂಬಾತ ಒಳಗಿದ್ದವರ ನೆರವಿನಿಂದ ಕೋಟೆ ಹಿಡಿದನೆಂದೂ ಅವನೂ ಅವನ ಹಲವು ಸಂಗಡಿಗರೂ ಸತ್ತರೆಂದೂ ಬರುತ್ತದೆ. ಈ ಭೀಮರಾವ್, ಅಂದರೆ ಮುಂಡರಗಿಯ ಭೀಮರಾಯನ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಿದ್ದಾರೆ. ಒಳಗಿದ್ದ ಆ ನೆರವಿನವರ ಬಗ್ಗೆ ಯಾರೂ ಕೇಳಿದಂತಿಲ್ಲ. ಅವರು ಯಾವ ಕಾನೂನಿನ ಪ್ರಕಾರ ಅಪರಾಧಿಗಳಾದರು? ನಾನು ಹುಡುಕಲು ಹೊರಟದ್ದು ಇದನ್ನು.

ಮೊದಲು ಘಟನೆಯ ಎಳೆ. ಮುಂಡರಗಿ ಆಗ ಈಸ್ಟ್ ಇಂಡಿಯಾ ಕಂಪನಿಯ ಧಾರವಾಡ ಜಿಲ್ಲೆಗೆ ಸೇರಿದ ಊರು. ಆಯುಧಗಳ ಮೇಲೆ ಸರ್ಕಾರ ಹೇರಿದ ನಿರ್ಬಂಧ 1857ರ ನವೆಂಬರಿನಲ್ಲೇ ಹಲಗಲಿಯ ಬೇಡರನ್ನು ಸಿಡಿದೇಳಿಸಿತ್ತು. 1858ರ ಮೇ ಕೊನೆಯ ವಾರ ಭೀಮರಾಯನೂ ಹಮ್ಮಿಗಿ ಕೆಂಚನಗೌಡನೂ ದಂಬಳದ ಖಜಾನೆ ಲೂಟಿ ಮಾಡಿ, ಸರಹದ್ದು ದಾಟಿ ನಿಜಾಮನ ಸೀಮೆಯ ಕೊಪ್ಪಳದ ಕೋಟೆ ಸೇರಿಕೊಂಡರು. ಜೂನ್ 1ರಂದು ಕಂಪನಿಯ ಮೇಜರ್ ಹ್ಯೂಸ್‌ನ ಸೈನ್ಯ ಕೋಟೆಗೆ ನುಗ್ಗಿತು. ಇಬ್ಬರೂ ಕಾಳಗದಲ್ಲಿ ಮಡಿದರು. ಸೆರೆಸಿಕ್ಕವರಲ್ಲಿ ಹಲವರಿಗೆ ಕೋರ್ಟ್ ಮಾರ್ಷಲ್ ನಡೆಸಿ ಮರಣದಂಡನೆ ಕೊಟ್ಟರು.

ದಾಖಲೆಗಳ ಮೊದಲ ತೊಡಕು ಆ ಸರಹದ್ದಿನಲ್ಲೇ ಇದೆ. 1884ರ ಧಾರವಾಡ ಗ್ಯಾಝೆಟಿಯರ್ ಮುಂಬಯಿ ಪ್ರಾಂತದ ಕಣ್ಣಿನಿಂದ ನೋಡುತ್ತದೆ. ಅದರ ಕಥೆ ಮುಂಡರಗಿಯಲ್ಲಿ ಹುಟ್ಟಿ ಕೊಪ್ಪಳದಲ್ಲಿ ಮುಗಿಯುತ್ತದೆ. ಇಂಪೀರಿಯಲ್ ಗ್ಯಾಝೆಟಿಯರಿನ ಹೈದರಾಬಾದ್ ಸಂಸ್ಥಾನದ ವಿವರಣೆ ಶುರುವಾಗುವುದೇ ಕೋಟೆಯ ಬಾಗಿಲಲ್ಲಿ. ಬಂದವರ ಹೆಸರು, ಊರು, ಸಿಟ್ಟಿನ ಕಾರಣ ಮೊದಲನೆಯದರಲ್ಲಿ ಸಿಗುತ್ತವೆ. ಬಾಗಿಲು ತೆರೆದವರು ಇದ್ದರೆಂಬ ಮಾತು ಎರಡನೆಯದರಿಂದ ಬರುತ್ತದೆ. ಆ ಮಾತೂ ಘಟನೆಯಾಗಿ ಅರ್ಧ ಶತಮಾನದ ಮೇಲೆ ಅಚ್ಚಾದದ್ದು. ಆದ್ದರಿಂದ ಅದನ್ನು ಸಾಧ್ಯತೆ ಎಂದು ಇಟ್ಟುಕೊಳ್ಳಬಹುದು, ಸಾಕ್ಷಿ ಎಂದು ಅಲ್ಲ.

ಹಾಗಾದರೆ ಕಾನೂನು? ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ಕ್ಕೆ. 1858ರಲ್ಲಿ ಕಂಪನಿಯ ಕೈಯಲ್ಲಿದ್ದದ್ದು 1857ರ ಮೇ 30ರ ಹನ್ನೊಂದನೆಯ ಕಾಯ್ದೆ. ದಂಗೆ ಏಳುವುದು, ಯುದ್ಧ ಹೂಡುವುದು, ಅದಕ್ಕೆ ಕುಮ್ಮಕ್ಕು ಕೊಡುವುದು, ಒಳಸಂಚು ನಡೆಸುವುದು ಎಲ್ಲಕ್ಕೂ ಅದರಲ್ಲಿ ಮರಣದಂಡನೆ, ಇಲ್ಲವೇ ಜೀವಾವಧಿ ಗಡೀಪಾರು ಅಥವಾ ಕಠಿಣ ಸೆರೆವಾಸ. ಜೊತೆಗೆ ಆಸ್ತಿ ಜಪ್ತಿ. ಆದರೆ ಮೊದಲ ಸಾಲಿನಲ್ಲೇ ಒಂದು ಷರತ್ತಿದೆ: ಬ್ರಿಟಿಷ್ ಸರ್ಕಾರಕ್ಕೆ ರಾಜನಿಷ್ಠೆಯ ಋಣ ಉಳ್ಳವರು ಮಾತ್ರ ಈ ಅಪರಾಧ ಮಾಡಬಲ್ಲರು. ಭೀಮರಾಯ ಆ ಲೆಕ್ಕಕ್ಕೆ ಬರುತ್ತಾನೆ. ಕೊಪ್ಪಳದ ಒಳಗಿದ್ದವರು?

ನಕ್ಷೆಯಲ್ಲಿ ಉತ್ತರ ಸಿಕ್ಕೀತೆಂದುಕೊಂಡೆ. ಸಿಕ್ಕಿದ್ದು ಇನ್ನಷ್ಟು ಗೊಂದಲ. 1853ರ ಒಪ್ಪಂದದಲ್ಲಿ ನಿಜಾಮ ಬೇರಾರ್ ಜೊತೆಗೆ ರಾಯಚೂರು ದೋಆಬನ್ನೂ ಕಂಪನಿಯ ಆಡಳಿತಕ್ಕೆ ಬಿಟ್ಟಿದ್ದ. ದೋಆಬ್ ಮರಳಿದ್ದು 1860ರಲ್ಲಿ. ಅಂದರೆ ಗಂಗಾವತಿ, ಕುಷ್ಟಗಿಯ ಕಡೆ ಒಡೆತನ ನಿಜಾಮನದಾದರೂ ಕಂದಾಯ ಕಂಪನಿಯ ಕಚೇರಿಗೆ ಹೋಗುತ್ತಿದ್ದ ಕಾಲ ಅದು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು ಎಂದು ಇಪ್ಪತ್ತನೆಯ ಶತಮಾನದ ಆರಂಭದ ಪುಸ್ತಕಗಳು ಹೇಳುತ್ತವೆ. ಆ ಮಾತು 1858ಕ್ಕೂ ಸಲ್ಲುವುದಾದರೆ, ಕೋಟೆ ಇದ್ದದ್ದು ಕಂಪನಿಯ ಪಕ್ಷಕ್ಕೆ ಗಟ್ಟಿಯಾಗಿ ನಿಂತ ನಿಜಾಮನ ದಿವಾನನದೇ ಜಹಗೀರಿನಲ್ಲಿ. ಒಂದು ದಿನದ ನಡಿಗೆಯಲ್ಲಿ ಮನುಷ್ಯ ಮೂರು ಬಗೆಯ ಆಡಳಿತ ದಾಟಬಹುದಾಗಿದ್ದ ಸೀಮೆಯಲ್ಲಿ ನಿಷ್ಠೆಯನ್ನು ಅಳೆಯುವುದು ಹೇಗೆ?

ದಾರಿ ತೆರೆದದ್ದು ಹಳೆಯದೊಂದು ಶಾಸನ. 1804ರ ಬಂಗಾಳದ ಹತ್ತನೆಯ ರೆಗ್ಯುಲೇಷನ್, ಆಯುಧ ಹಿಡಿದು ಸಿಕ್ಕವರಿಗೆ ಕೋರ್ಟ್ ಮಾರ್ಷಲ್ ನಡೆಸಲು ಹೊರಡಿಸಿದ್ದು. 1857ರ ಕಾಯ್ದೆ ಬಿಡಿಸಿ ಹೇಳದ ಷರತ್ತನ್ನು ಅದು ಬಿಡಿಸಿ ಹೇಳುತ್ತದೆ: ಕಂಪನಿಯ ಸೀಮೆಯಲ್ಲಿ ಹುಟ್ಟಿರಬೇಕು, ಇಲ್ಲವೇ ಅದರ ರಕ್ಷಣೆಯಲ್ಲಿ ಅಲ್ಲಿ ವಾಸವಾಗಿರಬೇಕು. ಬಂಗಾಳದ ರೆಗ್ಯುಲೇಷನ್ ಕೊಪ್ಪಳಕ್ಕೆ ಅನ್ವಯಿಸಿತೆಂದು ನಾನು ವಾದಿಸುತ್ತಿಲ್ಲ. ಕಂಪನಿಯ ಕಾನೂನುಕಾರರು ನಿಷ್ಠೆಯನ್ನು ಎಣಿಸುತ್ತಿದ್ದ ಬಗೆಗೆ ಅದು ಪುರಾವೆ, ಅಷ್ಟೇ. ಆ ಎಣಿಕೆ ಹಿಡಿದರೆ ಮುಂಡರಗಿಯವನು ದಂಗೆಕೋರ. ಜಹಗೀರಿನಲ್ಲೇ ಹುಟ್ಟಿ ಬೆಳೆದು ಅವನಿಗೆ ನೆರವಾದವನು ಈ ಅಪರಾಧದ ಹೊರಗೆ ಉಳಿಯುತ್ತಾನೆ.

ಮುಂದಿನ ಕಾನೂನು ಈ ಊಹೆಗೆ ಬಲ ಕೊಡುತ್ತದೆ. ದಂಡ ಸಂಹಿತೆಯ 121ನೆಯ ಕಲಮಿನಲ್ಲಿ ನಿಷ್ಠೆಯ ಷರತ್ತೇ ಇಲ್ಲ. ಯಾರೇ ಯುದ್ಧ ಹೂಡಿದರೂ ಅಪರಾಧ. ಜೊತೆಗೆ 125ನೆಯ ಕಲಂ ರಾಣಿಯ ಮಿತ್ರರಾದ ಏಷ್ಯಾದ ಅರಸರ ಮೇಲೆ ಯುದ್ಧ ಹೂಡುವುದನ್ನೂ 126 ಅವರ ಸೀಮೆಯಲ್ಲಿ ಲೂಟಿ ಮಾಡುವುದನ್ನೂ ಅಪರಾಧವಾಗಿಸಿದವು. ಕೊಪ್ಪಳವನ್ನು ನೋಡಿಯೇ ಹೀಗೆ ಬರೆದರೆಂದು ಹೇಳಲಾಗದು, ಸಂಹಿತೆಯ ಕರಡು 1837ರಷ್ಟು ಹಳೆಯದು. ಆದರೂ 1858ರ ಕೊಪ್ಪಳದಂಥ ಪ್ರಕರಣಕ್ಕೆ ಬೇಕಿದ್ದ ಕಲಮುಗಳು ಇವೇ. ನಿಷ್ಠೆ ಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿಗೆ ಸಾಯಲಿಲ್ಲ. ಸಂಸತ್ತಿನ ಮೇಲಿನ ದಾಳಿಯ ಪ್ರಕರಣದಲ್ಲಿ, 2005ರಲ್ಲಿ, ವಿದೇಶಿಯರೂ 121ರ ವ್ಯಾಪ್ತಿಗೆ ಬರುತ್ತಾರೆಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 147ನೆಯ ಕಲಂ. ಮಿತ್ರ ಅರಸರ ಕಲಂ ಈಗ 153, ಭಾರತದೊಡನೆ ಶಾಂತಿಯಿಂದಿರುವ ಪರದೇಶಗಳಿಗೆ ಅನ್ವಯಿಸುತ್ತದೆ.

ನನ್ನ ತೀರ್ಮಾನ ಸದ್ಯಕ್ಕೆ ಇಷ್ಟು: ಒಳಗಿದ್ದವರು ಕೊಪ್ಪಳದವರೇ ಆಗಿದ್ದರೆ, ಅವರನ್ನು ದಂಡಿಸಿದ್ದು ಕಾನೂನಲ್ಲ, ಕೋಟೆ ಗೆದ್ದ ಸೈನ್ಯದ ಬಲ. ಇದನ್ನು ಅಲ್ಲಗಳೆಯಬಲ್ಲ ಸಾಧ್ಯತೆಯೂ ಒಂದಿದೆ. ಅವರು ಭೀಮರಾಯನಿಗಿಂತ ಮೊದಲೇ ಧಾರವಾಡ ಸೀಮೆಯಿಂದ ಬಂದು ಸೇರಿಕೊಂಡವರಾಗಿದ್ದರೆ ನನ್ನ ವಾದ ಬೀಳುತ್ತದೆ. ಕೋರ್ಟ್ ಮಾರ್ಷಲಿನ ಕಾಗದಗಳಲ್ಲಿ ನಾನು ಮೊದಲು ನೋಡುವುದು ಶಿಕ್ಷೆಯ ಸಾಲನ್ನಲ್ಲ, ಕೈದಿಯ ಹೆಸರಿನ ಪಕ್ಕದಲ್ಲಿ ಬರೆದಿರುವ ಊರನ್ನು.