ಟೋಕ್ವಿಲನ ಎರಡು ಸಂಪುಟಗಳು

ಅಲೆಕ್ಸಿಸ್ ದ ಟೋಕ್ವಿಲನ 'ಅಮೆರಿಕದಲ್ಲಿ ಪ್ರಜಾಪ್ರಭುತ್ವ' ಎಂಬ ಗ್ರಂಥದ ಮಾತು ಬಂದೊಡನೆ ವಿದ್ವಾಂಸರು ಅದರ ಒಂದು ಪುಟವನ್ನು ನೆನೆಯುವುದು ವಾಡಿಕೆ. ಮುಂದೊಂದು ದಿನ ರಷ್ಯವೂ ಅಮೆರಿಕವೂ ಜಗತ್ತಿನ ಭವಿಷ್ಯವನ್ನು ತಮ್ಮೊಳಗೆ ಹಂಚಿಕೊಳ್ಳುವುವೆಂದು ೧೮೩೫ರಲ್ಲಿಯೇ ಸೂಚಿಸಿದ ಪುಟವದು. ಶೀತಲ ಸಮರದ ಕಾಲದಲ್ಲಿ ಇದಕ್ಕೆ ಬಹಳ ಪ್ರಸಿದ್ಧಿಯುಂಟಾಯಿತು. ೧೯೯೧ರಲ್ಲಿ ಸೋವಿಯತ್ ಒಕ್ಕೂಟವು ಒಡೆದ ಮೇಲೆ ಆ ಪುಟದ ಕಾಂತಿ ಕುಂದಿತು. ಗ್ರಂಥದ ಬೆಲೆಯಾದರೋ ಕುಂದಲಿಲ್ಲ. ಅದೇಕೆಂಬುದು ವಿಚಾರಣೀಯವಾಗಿದೆ.

೧೮೩೧ರ ಮೇ ತಿಂಗಳಲ್ಲಿ, ಗುಸ್ತಾವ್ ದ ಬೋಮಾಂಟ್ ಎಂಬ ಮಿತ್ರನೊಡನೆ ಅಮೆರಿಕದ ನೆಲವನ್ನು ಮುಟ್ಟಿದಾಗ ಟೋಕ್ವಿಲನಿಗೆ ಇಪ್ಪತ್ತೈದು ವರ್ಷ. ಫ್ರೆಂಚ್ ಸರಕಾರವು ವಹಿಸಿದ್ದ ಕೆಲಸ ಅಲ್ಲಿಯ ಸೆರೆಮನೆಗಳ ಪರಿಶೀಲನೆ. ಅದರ ವರದಿಯೂ ೧೮೩೩ರಲ್ಲಿ ಪ್ರಕಟವಾಯಿತು. ಇಂದು ಅದನ್ನು ಓದುವವರು ವಿರಳ. ಅವನ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆ. ಅವನು ನಾರ್ಮಂಡಿಯ ಹಳೆಯ ಕುಲೀನ ವಂಶದವನು. ಹದಿನಾರನೆಯ ಲೂಯಿಯ ಪರವಾಗಿ ವಾದಿಸಿದ ಮಾಲ್ಜೆರ್ಬನು ಅವನ ತಾಯಿಯ ಅಜ್ಜ. ೧೭೯೪ರಲ್ಲಿ ಕ್ರಾಂತಿಕಾರರು ಅವನ ಶಿರಚ್ಛೇದ ಮಾಡಿದರು. ತಂದೆತಾಯಿಗಳು ಸೆರೆಮನೆಯನ್ನು ಕಂಡು ಬದುಕಿ ಬಂದವರು. ಇಂಥ ಮನೆಯಲ್ಲಿ ಹುಟ್ಟಿದವನು ಸಮಾನತೆಯ ಪ್ರವಾಹವನ್ನು ತಡೆಯಲಾಗದೆಂದು ಒಪ್ಪಿಕೊಂಡು, ಆ ಪ್ರವಾಹದಲ್ಲಿ ಸ್ವಾತಂತ್ರ್ಯವು ಉಳಿಯುವ ಬಗೆ ಯಾವುದೆಂದು ಕೇಳಿದನು.

ಮೊದಲನೆಯ ಸಂಪುಟದಲ್ಲಿ ಊರಾಡಳಿತ, ಜ್ಯೂರಿ, ಸಂಘಗಳು, ಬಹುಮತದ ದಬ್ಬಾಳಿಕೆ ಇವುಗಳ ವಿವೇಚನೆಯಿದೆ. ಅದು ಬಂದೊಡನೆ ಕೀರ್ತಿ ತಂದಿತು. ೧೮೪೦ರ ಎರಡನೆಯ ಸಂಪುಟಕ್ಕೆ ಅಷ್ಟು ಆದರ ದೊರೆಯಲಿಲ್ಲ. ಅದು ತೀರ ಅಮೂರ್ತವೆಂದು ಆಕ್ಷೇಪಿಸಿದವರುಂಟು. ನನಗಾದರೋ ಗ್ರಂಥದ ಸತ್ತ್ವವೆಲ್ಲ ಈ ಸಂಪುಟದಲ್ಲಿಯೇ ಇರುವಂತೆ ತೋರುತ್ತದೆ. ಸಮಾನರಾದ ಜನರು ತಮ್ಮ ಕುಟುಂಬ ಹಾಗೂ ಕೆಲವೇ ಸ್ನೇಹಿತರ ವಲಯಕ್ಕೆ ಸರಿದು, ಊರಿನ ಹಿತವನ್ನು ಮರೆಯುವ ಪ್ರವೃತ್ತಿಯನ್ನು ಅವನು ವ್ಯಕ್ತಿವಾದವೆಂದು ಗುರುತಿಸಿದನು. ಹೀಗೆ ಬಿಡಿಬಿಡಿಯಾದವರ ಮೇಲೆ ಒಂದು ಶಕ್ತಿ ಬೆಳೆಯುತ್ತದೆ. ಅದು ಹಳೆಯ ದೊರೆಗಳಂತೆ ಹಿಂಸಿಸುವುದಿಲ್ಲ; ಪೋಷಿಸುತ್ತದೆ, ರಕ್ಷಿಸುತ್ತದೆ, ಸಣ್ಣಪುಟ್ಟ ನಿಯಮಗಳಿಂದ ಬಿಗಿಯುತ್ತದೆ, ಪ್ರಜೆಗಳನ್ನು ಎಂದೆಂದಿಗೂ ಮಕ್ಕಳಾಗಿಯೇ ಉಳಿಸುತ್ತದೆ. ಇದಕ್ಕೆ ನಿರಂಕುಶತೆಯೆಂಬ ಹಳೆಯ ಹೆಸರು ಒಪ್ಪದೆಂದು ಅವನೇ ತೊಡಕಿಗೆ ಸಿಕ್ಕುತ್ತಾನೆ. ಕಾರ್ಖಾನೆಯ ಶ್ರಮವಿಭಜನೆಯಿಂದ ಕೆಲಸಗಾರನು ಕುಗ್ಗಿ ಯಜಮಾನನು ಹಿಗ್ಗುವುದರಿಂದ, ಉದ್ಯಮದೊಳಗಿಂದಲೇ ಹೊಸದೊಂದು ಪ್ರಭುವರ್ಗವು ಹುಟ್ಟಬಹುದೆಂದೂ ಅವನು ಇಲ್ಲಿಯೇ ಬರೆದಿದ್ದಾನೆ. ಮಾರ್ಕ್ಸ್ ಮತ್ತು ಎಂಗೆಲ್ಸರ ಪ್ರಣಾಳಿಕೆ ಬಂದದ್ದು ಇದಾದ ಎಂಟು ವರ್ಷಗಳ ಮೇಲೆ. ಇವು ಜ್ಯೋತಿಷ್ಯದ ಮಾತುಗಳಲ್ಲ. ಇಂಥ ಕಾರಣವಿದ್ದಲ್ಲಿ ಇಂಥ ಫಲವೆಂಬ ತರ್ಕ. ಆದುದರಿಂದಲೇ ಅಮೆರಿಕವನ್ನು ಕಾಣದ ಓದುಗನೂ ಇದರಲ್ಲಿ ತನ್ನ ಸಮಾಜವನ್ನು ಕಾಣಬಲ್ಲನು.

ಭಾರತೀಯ ಓದುಗರು ಬಿಟ್ಟುಬಿಡಲಾಗದ ಇನ್ನೊಂದು ಅಂಶವಿದೆ. ೧೮೩೧ರ ಚಳಿಗಾಲದಲ್ಲಿ ಮೆಂಫಿಸ್ಸಿನ ಬಳಿ, ಚಾಕ್ಟಾ ಬುಡಕಟ್ಟಿನವರು ನೆಲೆ ಕಳೆದುಕೊಂಡು ಮಿಸಿಸಿಪ್ಪಿಯನ್ನು ದಾಟುವುದನ್ನು ಟೋಕ್ವಿಲನು ಕಣ್ಣಾರೆ ಕಂಡು ಮರುಕದಿಂದ ಬರೆದನು. ಗುಲಾಮಗಿರಿ ಹೋದರೂ ವರ್ಣದ್ವೇಷ ಹೋಗದೆಂದು ತಿಳಿದಿದ್ದವನೂ ಅವನೇ. ಆದರೆ ಅದೇ ಲೇಖನಿ ೧೮೪೧ರಲ್ಲಿ ಅಲ್ಜೀರಿಯದ ಆಕ್ರಮಣವನ್ನು ಸಮರ್ಥಿಸಿತು. ಅಲ್ಲಿಯ ಪೈರುಗಳನ್ನು ಸುಡುವುದನ್ನು ಯುದ್ಧದ ಅನಿವಾರ್ಯವೆಂದಿತು. ಸಮಾನತೆಯನ್ನು ತಡೆಯಲಾಗದೆಂಬ ಅವನ ಸಿದ್ಧಾಂತವು ಮೆಡಿಟರೇನಿಯನ್ ಸಮುದ್ರವನ್ನು ದಾಟಲಿಲ್ಲ. ಫ್ರಾನ್ಸಿನ ಪ್ರಜೆಗಳಿಗೆ ಬರಬಹುದೆಂದು ಅವನು ಅಂಜಿದ ಪೋಷಕಪ್ರಭುತ್ವದ ವೇಷವನ್ನೇ ವಸಾಹತುಗಳ ಆಳರಸರು ಆಗಲೇ ಧರಿಸಿದ್ದರು. ಆ ಮೃದುತ್ವವೊಂದು ಮಾತ್ರ ಅಲ್ಲಿರಲಿಲ್ಲ. ಈ ಸಾಮ್ಯವನ್ನು ಅವನು ಕಂಡಂತಿಲ್ಲ.

೧೮೪೦ರ ದಶಕದ ಆರಂಭದಲ್ಲಿ ಬ್ರಿಟಿಷ್ ಇಂಡಿಯವನ್ನು ಕುರಿತು ಗ್ರಂಥವೊಂದನ್ನು ರಚಿಸಲು ಅವನು ಟಿಪ್ಪಣಿಗಳನ್ನು ಕೂಡಿಸಿದನು. ಕೆಲವೇ ಇಂಗ್ಲಿಷರು ಅಷ್ಟು ವಿಶಾಲವಾದ ದೇಶವನ್ನು ಹೇಗೆ ಗೆದ್ದು ಆಳುತ್ತಿರುವರೆಂಬುದೇ ಅವನ ಮುಖ್ಯ ಕುತೂಹಲವಾಗಿತ್ತು. ಆ ಗ್ರಂಥವು ಪೂರ್ಣವಾಗಲಿಲ್ಲ. ೧೮೫೭ರ ದಂಗೆಯ ಸುದ್ದಿ ಯುರೋಪನ್ನು ಮುಟ್ಟಿದಾಗ, ತನ್ನ ಇಂಗ್ಲಿಷ್ ಮಿತ್ರರಿಗೆ ಬರೆದ ಪತ್ರಗಳಲ್ಲಿ ಅವನು ಅವರ ಜಯವನ್ನೇ ಹಾರೈಸಿದನು. ೧೮೫೯ರ ಏಪ್ರಿಲ್ ತಿಂಗಳಲ್ಲಿ ಕಾನ್ ನಗರದಲ್ಲಿ ತೀರಿಕೊಂಡನು.