ಅಪರಿಚಿತ ಸೈನಿಕ

ನಮ್ಮ ಸುದ್ದಿಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಬಳಕೆಯಾಗುವ ಒಂದು ಮಾತಿದೆ: ‘ಅಪರಿಚಿತ ದುಷ್ಕರ್ಮಿಗಳು’. ಕೊಲೆಯಾದ್ರೂ ಅವರೇ, ಬೆಂಕಿ ಬಿದ್ರೂ ಅವರೇ. ಪರದೆಯ ಕೆಳಗೆ ಓಡಿ ಹೋಗುತ್ತೆ, ನಾವೂ ಮರೀತೀವಿ. ನೈಜೀರಿಯಾದಲ್ಲಿ ಒಬ್ಬ ಮಗ ಮರೆಯಲಿಲ್ಲ. ಅವನ ಹೆಸರು ಫೆಲಾ ಕುಟಿ.

ಮೊದಲು ತಾಯಿಯ ಬಗ್ಗೆ ಹೇಳಬೇಕು. ಫುನ್ಮಿಲಾಯೊ ರಾನ್ಸಮ್-ಕುಟಿ, 1900ರಲ್ಲಿ ಅಬೆಯೊಕುಟಾ ಎಂಬ ಊರಿನಲ್ಲಿ ಹುಟ್ಟಿದ ಶಿಕ್ಷಕಿ. ಬ್ರಿಟಿಷ್ ಆಳ್ವಿಕೆ ಅಲ್ಲಿ ಸ್ಥಳೀಯ ರಾಜನ ಮೂಲಕ ಹೆಂಗಸರಿಂದಲೂ ತೆರಿಗೆ ಕೀಳುತ್ತಿತ್ತು. ಸಂತೆಯಲ್ಲಿ ಮಾರಿ ಬದುಕುವ ಹೆಂಗಸು ದುಡ್ಡು ಕಟ್ಟಬೇಕು, ಆಡಳಿತದಲ್ಲಿ ಮಾತ್ರ ಅವಳಿಗೆ ಜಾಗ ಇಲ್ಲ. 1947ರಿಂದ ಈಕೆ ಸಾವಿರಾರು ಹೆಂಗಸರನ್ನು ಕಟ್ಟಿಕೊಂಡು ಅರಮನೆ ಮುಂದೆ ಕೂತರು. ಸುಮ್ಮನೆ ಕೂರಲಿಲ್ಲ, ರಾಜನನ್ನು ಆಡಿಕೊಂಡು ಹಾಡಿದರು. 1949ರ ಜನವರಿಯಲ್ಲಿ ರಾಜ ಗದ್ದಿಗೆ ಬಿಟ್ಟು ಹೊರಟ. ಆಮೇಲೆ ವಾಪಸ್ ಬಂದ, ಆ ಮಾತು ಬೇರೆ. ಆಗ ಫೆಲಾಗೆ ಹತ್ತು ವರ್ಷ.

ಡಾಕ್ಟರ್ ಆಗಲಿ ಅಂತ 1958ರಲ್ಲಿ ಲಂಡನ್ನಿಗೆ ಕಳಿಸಿದ್ರೆ, ಹುಡುಗ ಸಂಗೀತ ಕಾಲೇಜು ಸೇರಿಕೊಂಡ. ಲಾಗೋಸ್‌ಗೆ ಮರಳಿ, ಜಾಝ್, ಫಂಕ್, ಯೊರುಬಾ ತಾಳ ಎಲ್ಲ ಬೆರೆಸಿ ಆಫ್ರೋಬೀಟ್ ಕಟ್ಟಿದ. ಮಾರ್ಕೆಟ್‌ನ ಜನಕ್ಕೂ ಅರ್ಥವಾಗಲಿ ಅಂತ ಪಿಜಿನ್ ಇಂಗ್ಲಿಷ್‌ನಲ್ಲಿ ಹಾಡಿದ. ತನ್ನ ಮನೆಯ ವಠಾರವನ್ನು ‘ಕಲಕುಟಾ ಗಣರಾಜ್ಯ’ ಎಂದು ಘೋಷಿಸಿದ. ಮಿಲಿಟರಿ ಆಳುತ್ತಿದ್ದ ದೇಶದಲ್ಲಿ! 1976ರ ‘ಝಾಂಬಿ’ಯಲ್ಲಂತೂ, ಆರ್ಡರ್ ಬಂದ್ರೆ ಮಾತ್ರ ಅಲ್ಲಾಡುವ ಗೊಂಬೆಗಳು ಅಂತ ಸೈನಿಕರನ್ನೇ ಗೇಲಿ ಮಾಡಿದ.

1977ರ ಆರಂಭದಲ್ಲಿ ಲಾಗೋಸ್‌ನಲ್ಲಿ ಜಗತ್ತಿನ ಕಪ್ಪು ಕಲಾವಿದರ ದೊಡ್ಡ ಉತ್ಸವ ನಡೆಯಿತು. ಫೆಲಾ ಬಹಿಷ್ಕರಿಸಿದ. ಫೆಬ್ರುವರಿ 12ಕ್ಕೆ ಉತ್ಸವ ಮುಗೀತು. ವಿದೇಶಿ ಅತಿಥಿಗಳೆದುರು ಕೈಮಾಡೋದು ಚೆನ್ನಾಗಿರಲ್ಲ ಅಂತ ಕಾದಿದ್ದರೋ ಏನೋ, ಆರೇ ದಿನಕ್ಕೆ, 18ರಂದು, ಸುಮಾರು ಸಾವಿರ ಸೈನಿಕರು ಕಲಕುಟಾಗೆ ನುಗ್ಗಿದರು. ಸಿಕ್ಕಸಿಕ್ಕವರನ್ನು ಬಡಿದರು, ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಸ್ಟುಡಿಯೋ, ಟೇಪು, ವಾದ್ಯ ಸುಟ್ಟವು. ಡಾಕ್ಟರ್ ಆಗಿದ್ದ ತಮ್ಮ ಬೆಕೊನ ಕ್ಲಿನಿಕ್ಕೂ ಹೋಯಿತು. 76 ವರ್ಷದ ತಾಯಿಯನ್ನು ಮಹಡಿಯ ಕಿಟಕಿಯಿಂದ ಕೆಳಗೆ ಎಸೆದರು. ಆಕೆ ಚೇತರಿಸಿಕೊಳ್ಳಲೇ ಇಲ್ಲ. 1978ರ ಏಪ್ರಿಲ್ 13ರಂದು ತೀರಿಕೊಂಡರು.

ತನಿಖೆ ನಡೆಯಿತು. ತೀರ್ಮಾನ: ಮಾಡಿದ್ದು ಯಾರೋ ‘ಅಪರಿಚಿತ ಸೈನಿಕ’. ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಗೊತ್ತಿಲ್ಲದ್ದಕ್ಕೆ ಎಕ್ಸ್ ಅಂತ ಹೆಸರಿಟ್ಟು, ಆಮೇಲೆ ಲೆಕ್ಕ ಬಿಡಿಸಬೇಕು. ಇಲ್ಲಿ ಎಕ್ಸ್ ಅಂತ ಬರೆದು ಫೈಲ್ ಮುಚ್ಚಿದರು. ಪರಿಹಾರಕ್ಕೆ ಹೋದ ಕೋರ್ಟಿನಲ್ಲೂ ಫೆಲಾ ಸೋತ.

1979ರಲ್ಲಿ ‘ಅನ್‌ನೋನ್ ಸೋಲ್ಜರ್’ ಬಂತು. ಅರ್ಧ ಗಂಟೆಗೂ ಮೀರಿದ ಒಂದೇ ಹಾಡು. ಆ ದಿನ ಏನಾಯ್ತು ಅನ್ನೋದನ್ನ ಸಾಕ್ಷಿ ಕಟಕಟೆಯಲ್ಲಿ ನಿಂತವನ ಹಾಗೆ ಹೇಳ್ತಾ ಹೋಗ್ತಾನೆ. ಮಿಲಿಟರಿ ಮುಖ್ಯಸ್ಥ ಒಬಸಾಂಜೊ ಅದೇ ವರ್ಷ ಅಕ್ಟೋಬರ್ 1ಕ್ಕೆ ಅಧಿಕಾರ ಬಿಟ್ಟುಕೊಡುವವರಿದ್ದರು. ಅವರ ಊರು ಯಾವುದು ಗೊತ್ತಾ? ಅದೇ ಅಬೆಯೊಕುಟಾ. ಅವರು ಇಳಿಯುವ ಮೊದಲೇ ಫೆಲಾ ತನ್ನವರನ್ನು ಕರೆದುಕೊಂಡು, ತಾಯಿಯ ಹೆಸರಲ್ಲಿ ಶವಪೆಟ್ಟಿಗೆ ಹೊತ್ತು ಲಾಗೋಸ್‌ನ ಡೋಡನ್ ಬ್ಯಾರಕ್ಸ್‌ಗೆ, ಅಂದ್ರೆ ಸರ್ಕಾರದ ಬಾಗಿಲಿಗೇ ಹೋಗಿ ಇಳಿಸಿದ. ಅದೂ ಹಾಡಾಯಿತು: ‘ಕಾಫಿನ್ ಫಾರ್ ಹೆಡ್ ಆಫ್ ಸ್ಟೇಟ್’. ತನಿಖೆಗೆ ಒಂದು ಹೆಸರೂ ಸಿಗಲಿಲ್ಲ. ಹಾಡಿನಲ್ಲಿ ಒಬಸಾಂಜೊ ಹೆಸರು ನೇರವಾಗಿಯೇ ಬರುತ್ತೆ.

ಫೆಲಾನನ್ನು ದೇವರು ಮಾಡೋಕೆ ನನಗೆ ಇಷ್ಟವಿಲ್ಲ. ತಾಯಿ ಹೆಂಗಸರ ಹಕ್ಕಿಗೆ ಹೋರಾಡಿದರು, ಮಗ 1978ರಲ್ಲಿ ಒಂದೇ ದಿನ 27 ಹೆಂಗಸರನ್ನು ಮದುವೆಯಾದ. ಹೆಂಡತಿ ಗಂಡನ ಮಾತು ಕೇಳಬೇಕು ಅನ್ನೋ ಧಾಟಿಯ ಹಾಡೂ ಅವನದ್ದಿದೆ. ಅರಮನೆ ಮುಂದೆ ಹಾಡಿದ ಆ ಹೆಂಗಸರು ಇದಕ್ಕೆ ಏನಂತಿದ್ದರೋ!

ಫೆಲಾ 1997ರ ಆಗಸ್ಟ್ 2ರಂದು ತೀರಿಕೊಂಡ. 1999ರಲ್ಲಿ ಒಬಸಾಂಜೊ ಚುನಾವಣೆ ಗೆದ್ದು ಮತ್ತೆ ಅಧಿಕಾರಕ್ಕೆ ಬಂದರು, ಎಂಟು ವರ್ಷ ಇದ್ದರು. ಅಪ್ಪ ಸತ್ತಾಗ ಕಿರಿಯ ಮಗ ಶೆಯುನ್‌ಗೆ 14 ವರ್ಷ. ಅಪ್ಪನ ತಂಡದ ಮುಂದೆ ನಿಂತು ಹಾಡಲು ಶುರು ಮಾಡಿದ.